ಅಡುಗೆಮನೆಯ ಚಿಮ್ನಿ: ಮೊದಲು ಪೈಪಿನ ದಾರಿ, ಆಮೇಲೆ ಮಾಡೆಲ್

ಚಿಮ್ನಿ ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಸಂಖ್ಯೆಯ ಕಡೆಗೆ: ಗಂಟೆಗೆ 1000 ಘನ ಮೀಟರ್, 1200, 1500. ಹೆಚ್ಚಿದ್ದಷ್ಟೂ ಒಳ್ಳೆಯದು ಅನ್ನಿಸುವುದು ಸಹಜ. ಆದರೆ ಗೋಡೆಗೆ ಏರಿಸಿದ ಮೇಲೆ ಹೊಗೆ ನಿಜವಾಗಿ ಹೊರಗೆ ಹೋಗುತ್ತದೋ ಇಲ್ಲವೋ ಎಂದು ತೀರ್ಮಾನಿಸುವ ಸಂಗತಿಗಳೇ ಬೇರೆ. ಚಿಮ್ನಿಯ ಬಾಯಿ ಒಲೆಯನ್ನು ಎಷ್ಟು ಆವರಿಸುತ್ತದೆ, ಪೈಪು ಎಷ್ಟು ಅಗಲ, ಎಷ್ಟು ನೇರ, ಹೊರಹೋದ ಗಾಳಿಯ ಜಾಗಕ್ಕೆ ಹೊಸ ಗಾಳಿ ಎಲ್ಲಿಂದ ಬರುತ್ತದೆ ಎನ್ನುವುದು ಮುಖ್ಯ. ಇವೆಲ್ಲ ಗೋಡೆಗೆ ಟೈಲ್ಸ್ ಕೂರುವ ಮೊದಲೇ, ಕ್ಯಾಬಿನೆಟ್ಟಿನ ಅಳತೆ ಕೊಡುವ ಮೊದಲೇ ನಿರ್ಧಾರವಾಗಬೇಕಾದವು.

ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಸಂಶೋಧಕರು ಮನೆಗಳಲ್ಲಿ ಅದಾಗಲೇ ಕೂರಿಸಿದ್ದ 15 ಚಿಮ್ನಿಗಳನ್ನು ಅಳೆದು 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವುಗಳಲ್ಲಿ 10 ಚಿಮ್ನಿಗಳ ಗರಿಷ್ಠ ಗಾಳಿಯ ಹರಿವು ಕಂಪನಿಯವರು ಬರೆದುಕೊಂಡಿದ್ದರ 70 ಶೇಕಡಾ ಅಥವಾ ಅದಕ್ಕಿಂತಲೂ ಕಡಿಮೆ ಇತ್ತು. ಬಹುತೇಕ ಎಲ್ಲದರಲ್ಲೂ ಹಿಂದಿನ ಬರ್ನರಿನ ಹೊಗೆ ಚೆನ್ನಾಗಿ ಸಿಕ್ಕಿಬೀಳುತ್ತಿತ್ತು, ಮುಂದಿನ ಬರ್ನರಿನದು ತಪ್ಪಿಸಿಕೊಳ್ಳುತ್ತಿತ್ತು. ತಳ ಸಪಾಟಾಗಿದ್ದವು, ಅಂದರೆ ಹೊಗೆ ತುಂಬಿಕೊಳ್ಳಲು ಗೂಡಿಲ್ಲದವು, ಅಷ್ಟೇ ಗಾಳಿ ಎಳೆದರೂ ಹಿಂದೆ ಬಿದ್ದವು. ಕೊಳ್ಳುವಾಗ ಏನು ನೋಡಬೇಕು, ಕೂರಿಸುವಾಗ ಏನು ತಪ್ಪಬಾರದು ಎಂಬುದಕ್ಕೆ ಇಷ್ಟೇ ಸಾಕಷ್ಟು ದಿಕ್ಕು ತೋರಿಸುತ್ತದೆ.

ಪೈಪು

ಚಿಮ್ನಿಯ ತಲೆಯ ಮೇಲಿರುವ ಹೊರದಾರಿ 150 ಮಿಲಿಮೀಟರ್ ವ್ಯಾಸದ್ದಾದರೆ, ಹೊರಗಿನ ಮುಚ್ಚಳದ ತನಕವೂ 150ರ ಪೈಪೇ ಹೋಗಬೇಕು. ಹಳೆಯ ಎಕ್ಸಾಸ್ಟ್ ಫ್ಯಾನಿಗೋ ಕೊಳವೆಗೋ ತೆಗೆದಿದ್ದ 100 ಮಿ.ಮೀ. ತೂತು ಸಿದ್ಧವಿದೆ ಎಂದು ರೆಡ್ಯೂಸರ್ (ಪೈಪನ್ನು ಕಿರಿದಾಗಿಸುವ ತುಂಡು) ಹಾಕಿ ಅದರಲ್ಲೇ ತೂರಿಸುವುದು ಎಲ್ಲೆಡೆ ಕಾಣುವ ತಪ್ಪು. ಗಂಟೆಗೆ 600 ಘನ ಮೀಟರ್ ಗಾಳಿ 150ರ ಪೈಪಿನಲ್ಲಿ ಸೆಕೆಂಡಿಗೆ ಸುಮಾರು 9.4 ಮೀಟರ್ ವೇಗದಲ್ಲಿ ಹೋಗುತ್ತದೆ. 125ರಲ್ಲಿ ಅದೇ ಗಾಳಿಗೆ 13.6 ಮೀಟರ್ ವೇಗ ಬೇಕು, 100ರಲ್ಲಿ 21 ಮೀಟರ್. ವೇಗ ಏರಿದಂತೆ ತಡೆ ಅದಕ್ಕಿಂತಲೂ ಜೋರಾಗಿ ಏರುತ್ತದೆ: ಅಷ್ಟೇ ಗಾಳಿಯನ್ನು ಅಷ್ಟೇ ಉದ್ದಕ್ಕೆ ತಳ್ಳಲು 125ರ ಪೈಪಿನಲ್ಲಿ 150ರ ಸುಮಾರು ಎರಡೂವರೆ ಪಟ್ಟು ಒತ್ತಡ ಬೇಕು, 100ರಲ್ಲಿ ಏಳೂವರೆ ಪಟ್ಟು. ಮನೆಯ ಚಿಮ್ನಿಯ ಮೋಟರಿಗೆ ಅಷ್ಟು ಬಲವಿರುವುದಿಲ್ಲ. ಹಾಗಾಗಿ ಅದು ಗಾಳಿ ಕಡಿಮೆ ಎಳೆಯುತ್ತದೆ, ಸದ್ದು ಹೆಚ್ಚು ಮಾಡುತ್ತದೆ. "ಮೋಟರ್ ಸರಿಯಿಲ್ಲ" ಎಂಬ ದೂರುಗಳಲ್ಲಿ ಎಷ್ಟೋ ಇಂಥ ಕಿರಿದಾದ ಪೈಪಿನವು.

ಉದ್ದ ಮೂರು-ನಾಲ್ಕು ಮೀಟರಿನೊಳಗಿರಲಿ, ಬಾಗು ಎರಡಕ್ಕಿಂತ ಹೆಚ್ಚು ಬೇಡ. ಒಂದು 90 ಡಿಗ್ರಿ ಎಲ್ಬೋ ಎಂದರೆ ಒಂದೂವರೆಯಿಂದ ಮೂರು ಮೀಟರ್ ನೇರ ಪೈಪನ್ನು ಸೇರಿಸಿದಷ್ಟು ತಡೆ. ಮೂಲೆ ಚೂಪಾಗಿದ್ದಷ್ಟೂ ತಡೆ ಜಾಸ್ತಿ, ಆದ್ದರಿಂದ ಬಾಗು ದೊಡ್ಡ ಸುತ್ತಿನದಾಗಿರಲಿ, ಅಥವಾ 45 ಡಿಗ್ರಿಯ ಎರಡು ತುಂಡುಗಳಾಗಲಿ. ಬಾಗಿನ ಬೆನ್ನಿಗೇ ಇನ್ನೊಂದು ಬಾಗು ಕೂರಿಸಬೇಡಿ, ನಡುವೆ 30 ಸೆಂಟಿಮೀಟರಾದರೂ ನೇರ ಪೈಪು ಬಿಡಿ. ಚಿಮ್ನಿಯ ತಲೆಯಿಂದ ಹೊರಟ ಕೂಡಲೇ ತಿರುಗಿಸುವುದಕ್ಕಿಂತ ಸ್ವಲ್ಪ ದೂರ ನೆಟ್ಟಗೆ ಮೇಲಕ್ಕೆ ಹೋಗಿ ತಿರುಗುವುದು ಮೇಲು. ಫ್ಯಾನಿನಿಂದ ಸುತ್ತುತ್ತಾ ಹೊರಬಿದ್ದ ಗಾಳಿ ಒಂದು ಹದಕ್ಕೆ ಬರಲು ಅಷ್ಟು ಜಾಗ ಬೇಕು.

ಪೈಪು ಯಾವುದರದ್ದು? ಗಟ್ಟಿ ತಗಡಿನ ದುಂಡು ಪೈಪು, ಗ್ಯಾಲ್ವನೈಸ್ಡ್ ಅಥವಾ ಸ್ಟೇನ್‌ಲೆಸ್, ಎಲ್ಲಕ್ಕಿಂತ ಉತ್ತಮ. ಒಳಮೈ ನುಣುಪಾಗಿರುವುದರಿಂದ ಜಿಡ್ಡು ಕೂರುವುದು ಕಡಿಮೆ, ಕೂತರೂ ಒರೆಸಬಹುದು. ಡಬ್ಬದ ಜೊತೆ ಬರುವ ಮಡಿಕೆ ಮಡಿಕೆಯ ಅಲ್ಯೂಮಿನಿಯಂ ಪೈಪನ್ನು ಬಳಸಲೇಬೇಕಾದರೆ ಪೂರ್ತಿ ಎಳೆದು ಬಿಗಿಯಾಗಿಸಿ, ಮಿಕ್ಕ ಉದ್ದವನ್ನು ಕತ್ತರಿಸಿ ಹಾಕಿ. ಕೂರಿಸಲು ಬಂದವರು ಮೂರು ಮೀಟರ್ ಪೈಪನ್ನು ಒಂದೂವರೆ ಮೀಟರಿನ ಜಾಗಕ್ಕೆ ಕುಗ್ಗಿಸಿ ಕವರಿನೊಳಗೆ ತುರುಕಿ ಹೋಗುವುದುಂಟು. ಪ್ರತಿ ಮಡಿಕೆಯೂ ಗಾಳಿಗೊಂದು ಅಡ್ಡಗೋಡೆ, ಜಿಡ್ಡಿಗೊಂದು ಗೂಡು. ಪ್ಲಾಸ್ಟಿಕ್ ಪೈಪು ಬೇಡ. ಬಿಸಿಗೆ ಬಾಗುತ್ತದೆ, ಬಾಣಲೆಯಲ್ಲಿ ಹೊತ್ತಿದ ಬೆಂಕಿ ಜಿಡ್ಡು ಹಿಡಿದ ಪೈಪಿಗೆ ಏರಿದರೆ ಪೈಪೂ ಉರಿಯುತ್ತದೆ.

ಅಡ್ಡ ಹೋಗುವ ಭಾಗವನ್ನು ಹೊರಗಿನ ಕಡೆಗೆ ಮೀಟರಿಗೆ ಒಂದೆರಡು ಸೆಂಟಿಮೀಟರ್ ಇಳಿಜಾರಾಗಿಡಿ. ಬಿಸಿ ಆವಿ ತಣ್ಣನೆಯ ತಗಡಿಗೆ ತಾಗಿ ನೀರಾಗುತ್ತದೆ. ಇಳಿಜಾರು ಒಳಮುಖವಾಗಿದ್ದರೆ ಆ ನೀರು ಜಿಡ್ಡನ್ನೂ ಕರೆದುಕೊಂಡು ಒಲೆಯ ಮೇಲೆ ತೊಟ್ಟಿಕ್ಕುತ್ತದೆ. ಚಳಿಯ ಜಾಗದಲ್ಲಿ ಹಾದುಹೋಗುವ ಪೈಪಿಗೆ ಹೊರಗಿನಿಂದ ಉಷ್ಣನಿರೋಧಕ ಸುತ್ತಿದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ. ಜೋಡಣೆಗಳಲ್ಲಿ ಗಾಳಿ ಹೋಗುವ ದಿಕ್ಕಿಗೆ ಒಂದು ಪೈಪಿನ ಮೂತಿ ಮುಂದಿನ ಪೈಪಿನ ಒಳಗೆ ಸೇರಬೇಕು, ಮೇಲೆ ಅಲ್ಯೂಮಿನಿಯಂ ಫಾಯಿಲ್ ಟೇಪು. ಬಟ್ಟೆಯ ಟೇಪಿನ ಅಂಟು ಬಿಸಿಗೆ ಒಣಗಿ ಬಿಟ್ಟುಕೊಳ್ಳುತ್ತದೆ.

ಪೈಪಿನ ಕೊನೆ ಬಯಲಿಗೇ ತೆರೆಯಬೇಕು. ಫಾಲ್ಸ್ ಸೀಲಿಂಗಿನೊಳಗೆ, ಅಟ್ಟದೊಳಗೆ ಬಿಟ್ಟರೆ ಅಲ್ಲಿ ಜಿಡ್ಡು, ತೇವ, ಬೂಷ್ಟು ಸೇರಿ ಬೆಂಕಿಗೆ ಮೇವಾಗುತ್ತದೆ. ಗ್ಯಾಸ್ ಗೀಸರಿನ ಹೊಗೆ ಹೋಗುವ ಕೊಳವೆಗೆ ಚಿಮ್ನಿಯ ಪೈಪನ್ನು ಸೇರಿಸುವುದಂತೂ ಎಂದಿಗೂ ಕೂಡದು. ಹೊರಗಿನ ಮುಚ್ಚಳ ತಾನಾಗಿ ಮುಚ್ಚಿಕೊಳ್ಳುವ ರೆಕ್ಕೆಯದ್ದಿರಲಿ. ಸೊಳ್ಳೆ ಪರದೆಯಂಥ ಸಣ್ಣ ಕಣ್ಣಿನ ಜಾಲರಿ ಹಾಕಿದರೆ ಅದು ಜಿಡ್ಡು ಹಿಡಿದು ಹಲಗೆಯಂತೆ ಮುಚ್ಚಿಕೊಳ್ಳುತ್ತದೆ.

ಒಳಗೆ ಬರುವ ಗಾಳಿ

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದ್ದರಿಂದ ಸ್ವಲ್ಪ ಒತ್ತಿ ಹೇಳಬೇಕು. ಗಂಟೆಗೆ 600 ಘನ ಮೀಟರ್ ಗಾಳಿ ಹೊರಗೆ ಹೋಗಬೇಕಾದರೆ ಅಷ್ಟೇ ಗಾಳಿ ಮನೆಯೊಳಗೆ ಬರಬೇಕು. ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿದ ಮನೆಯಲ್ಲಿ ಚಿಮ್ನಿ ಕೋಣೆಯ ಒತ್ತಡವನ್ನು ಇಳಿಸುತ್ತದೆ, ಹರಿವು ಕುಸಿಯುತ್ತದೆ. ಅದೇ ಮನೆಯಲ್ಲಿ ಕೋಣೆಯ ಗಾಳಿಯನ್ನೇ ಬಳಸಿ ಉರಿಯುವ ಗ್ಯಾಸ್ ಗೀಸರೋ ಸೌದೆ ಒಲೆಯೋ ಇದ್ದರೆ ಅಪಾಯ ಇನ್ನೂ ದೊಡ್ಡದು: ಮೇಲೆ ಹೋಗಬೇಕಾದ ಅದರ ಹೊಗೆಯನ್ನು ಚಿಮ್ನಿ ಒಳಗೆಳೆದುಕೊಳ್ಳುತ್ತದೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುವ ಶಕ್ತಿಯಿದೆ. ಪರೀಕ್ಷೆ ಸುಲಭ: ಕಿಟಕಿಗಳನ್ನೆಲ್ಲ ಮುಚ್ಚಿ, ಚಿಮ್ನಿಯನ್ನು ಗರಿಷ್ಠ ವೇಗದಲ್ಲಿಟ್ಟು, ಗೀಸರನ್ನೂ ಹಚ್ಚಿ. ಒಂದೆರಡು ನಿಮಿಷದ ನಂತರ ಗೀಸರಿನ ಹೊಗೆಕೊಳವೆಯ ಬುಡದ ತೆರಪಿನ ಬಳಿ ಊದುಬತ್ತಿಯ ಹೊಗೆ ಹಿಡಿಯಿರಿ. ಹೊಗೆ ಕೊಳವೆಯೊಳಗೆ ಏರಬೇಕು. ಕೋಣೆಯ ಕಡೆಗೆ ತಿರುಗಿದರೆ ಎರಡನ್ನೂ ಆರಿಸಿ, ಗಾಳಿ ಒಳಬರುವ ದಾರಿ ಮಾಡುವ ತನಕ ಜೊತೆಯಲ್ಲಿ ಬಳಸಬೇಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಇಟ್ಟುಕೊಳ್ಳುವುದು ಇಂಥ ಮನೆಗಳಿಗೆ ಅಗತ್ಯವೇ ಸರಿ.

ಕಿಟಕಿ ತೆರೆಯುವುದಾದರೆ ಒಲೆಯ ಪಕ್ಕದ್ದಲ್ಲ, ದೂರದ್ದು ತೆರೆಯಿರಿ. ಪಕ್ಕದ ಕಿಟಕಿಯಿಂದ ನುಗ್ಗಿದ ಗಾಳಿ ಏರುತ್ತಿರುವ ಹೊಗೆಯನ್ನು ಚಿಮ್ನಿಯ ಬಾಯಿಂದ ಆಚೆಗೆ ತಳ್ಳುತ್ತದೆ. ಒಲೆಯ ಮೇಲೆ ಬೀಸುವ ಸೀಲಿಂಗ್ ಫ್ಯಾನ್ ಮಾಡುವುದೂ ಇದನ್ನೇ.

ಬಾಯಿಯ ಅಳತೆ ಮತ್ತು ಎತ್ತರ

ಒಲೆಯ ಅಗಲಕ್ಕಿಂತ ಚಿಮ್ನಿ ಕಿರಿದಾಗಬಾರದು. 60 ಸೆಂ.ಮೀ. ಒಲೆಗೆ 60ರ ಚಿಮ್ನಿ ಕನಿಷ್ಠ, 75 ಅಥವಾ 90 ಆದರೆ ಎರಡೂ ಬದಿಯ ಹೊಗೆ ತಪ್ಪುವುದಿಲ್ಲ. ನಡುಮನೆಯ ದ್ವೀಪದಂಥ ಕಟ್ಟೆಯ ಮೇಲೆ ತೂಗುಹಾಕುವ ಚಿಮ್ನಿಗೆ ಆಸರೆಯಾಗಿ ಗೋಡೆಯಿಲ್ಲ, ನಾಲ್ಕೂ ಕಡೆಯಿಂದ ಗಾಳಿ ಅಲುಗಾಡಿಸುತ್ತದೆ. ಅದು ಪ್ರತಿ ಬದಿಗೆ ಏಳೆಂಟು ಸೆಂಟಿಮೀಟರಾದರೂ ಹೆಚ್ಚು ಚಾಚಿರಬೇಕು, ಗಾಳಿಯ ಹರಿವೂ ಸುಮಾರು ಅರ್ಧದಷ್ಟು ಹೆಚ್ಚಿರಬೇಕು.

ಅಗಲವನ್ನು ಎಲ್ಲರೂ ಕೇಳುತ್ತಾರೆ, ಆಳವನ್ನು ಕೇಳುವವರು ಕಡಿಮೆ. ಗೋಡೆಯಿಂದ ಮುಂದಕ್ಕೆ ಚಿಮ್ನಿ ಎಷ್ಟು ಚಾಚುತ್ತದೆ ಎಂದು ಅಳೆದು, ಮುಂದಿನ ಬರ್ನರಿನ ನಡುಬಿಂದುವಿನ ಮೇಲಾದರೂ ಅದು ಬರುತ್ತದೆಯೇ ನೋಡಿ. ಓರೆಯಾಗಿ ನಿಲ್ಲುವ ಗಾಜಿನ ಚಿಮ್ನಿಗಳು ತಲೆಗೆ ತಾಗುವುದಿಲ್ಲ, ನೋಡಲು ಚೆಂದ, ಒರೆಸಲು ಸುಲಭ. ಆದರೆ ಅವುಗಳಿಗೆ ಗೂಡು ಇಲ್ಲವೆನ್ನುವಷ್ಟು ಕಡಿಮೆ. ಬಿಸಿ ಎಣ್ಣೆಗೆ ಏನನ್ನಾದರೂ ಬಿಟ್ಟಾಗ ಹೊಗೆ ಒಮ್ಮೆಲೇ ಬುಸ್ಸೆಂದು ಏಳುತ್ತದೆ. ಗೂಡಿರುವ ಚಿಮ್ನಿ ಅದನ್ನು ಕ್ಷಣಕಾಲ ಹಿಡಿದಿಟ್ಟುಕೊಂಡು ನಿಧಾನವಾಗಿ ಎಳೆಯುತ್ತದೆ, ಗೂಡಿಲ್ಲದ್ದು ಅಂಚಿನಿಂದ ಚೆಲ್ಲುತ್ತದೆ. ಕರಿಯುವುದು, ಹುರಿಯುವುದು ಹೆಚ್ಚಿರುವ ಮನೆಗೆ ಹಳೆಯ ಪಿರಮಿಡ್ ಆಕಾರವೇ ಸರಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಎತ್ತರವನ್ನು ಕೈಪಿಡಿ ನೋಡಿಯೇ ನಿರ್ಧರಿಸಿ. ಸಾಮಾನ್ಯವಾಗಿ ಗ್ಯಾಸ್ ಒಲೆಯ ಮೇಲ್ಮೈಯಿಂದ ಚಿಮ್ನಿಯ ತಳಕ್ಕೆ 65ರಿಂದ 75 ಸೆಂ.ಮೀ., ಇಂಡಕ್ಷನ್ ಮತ್ತು ಎಲೆಕ್ಟ್ರಿಕ್ ಒಲೆಗೆ ತುಸು ಕಡಿಮೆಯೂ ನಡೆಯುತ್ತದೆ. 65ಕ್ಕಿಂತ ಕೆಳಗಿಳಿಸಿದರೆ ಗ್ಯಾಸಿನ ಬಿಸಿಗೆ ಫಿಲ್ಟರು, ವೈರು, ಸ್ವಿಚ್ಚು ಹಾಳು. ಜಿಡ್ಡಿಗೆ ಬೆಂಕಿ ತಗಲುವ ಭಯ ಬೇರೆ. ಎತ್ತರಿಸಿದರೆ ಹೊಗೆ ಏರುತ್ತ ಏರುತ್ತ ಅಗಲವಾಗಿ ಹರಡಿ ಬಾಯಿಯ ಅಂಚನ್ನು ದಾಟಿಬಿಡುತ್ತದೆ. ಅಳೆಯುವುದು ಕಟ್ಟೆಯಿಂದಲ್ಲ, ಪಾತ್ರೆ ಕೂರುವ ಮಟ್ಟದಿಂದ. ಕಟ್ಟೆಯ ಮೇಲಿಡುವ ಒಲೆಗೂ ಕಟ್ಟೆಯೊಳಗೆ ಹುದುಗಿದ ಹಾಬ್‌ಗೂ ಇಲ್ಲಿ ಹತ್ತು ಸೆಂಟಿಮೀಟರಿನಷ್ಟು ವ್ಯತ್ಯಾಸ ಬರಬಹುದು.

ಎಷ್ಟು ಗಾಳಿ ಬೇಕು

ಎರಡು ಲೆಕ್ಕ ಹಾಕಿ, ದೊಡ್ಡದನ್ನು ಹಿಡಿಯಿರಿ. ಮೊದಲನೆಯದು ಕೋಣೆಯದು: ಉದ್ದ, ಅಗಲ, ಎತ್ತರ ಗುಣಿಸಿ, ಗಂಟೆಗೆ 10ರಿಂದ 15 ಸಲ ಗಾಳಿ ಬದಲಾಗಬೇಕೆಂದು ಗುಣಿಸುವುದು. 3 ಮೀಟರ್, 3.5 ಮೀಟರ್, 3 ಮೀಟರಿನ ಅಡುಗೆಮನೆ 31.5 ಘನ ಮೀಟರ್. 12 ಸಲಕ್ಕೆ 378. ಎರಡನೆಯದು ಬೆಂಕಿಯದು: ಗ್ಯಾಸ್ ಬರ್ನರುಗಳ ಒಟ್ಟು ಶಕ್ತಿಯಲ್ಲಿ ಪ್ರತಿ 3 ಕಿಲೋವ್ಯಾಟಿಗೆ ಸುಮಾರು 170 ಘನ ಮೀಟರ್. ಒಟ್ಟು 9 ಕಿಲೋವ್ಯಾಟಿನ ಒಲೆಗೆ 510. ಹಾಲ್‌ಗೆ ತೆರೆದುಕೊಂಡ ಅಡುಗೆಮನೆಯಲ್ಲಿ ಕೋಣೆಯ ಲೆಕ್ಕ ಅರ್ಥ ಕಳೆದುಕೊಳ್ಳುತ್ತದೆ, ಅಲ್ಲಿ ಬೆಂಕಿಯ ಲೆಕ್ಕವನ್ನೇ ನಂಬಿ. ಇಂಡಕ್ಷನ್ ಒಲೆಗೆ ಕಡಿಮೆ ಸಾಕು, ಏಕೆಂದರೆ ಬೆಂಕಿಯ ಬಿಸಿಗಾಳಿ ಇಲ್ಲ, ಪಾತ್ರೆಯಿಂದ ಏಳುವುದಷ್ಟೇ.

ಹಾಗಾದರೆ 510 ಬೇಕಾದವರು 510ರದ್ದನ್ನೇ ಕೊಂಡರೆ ಸಾಲದು. ಡಬ್ಬದ ಮೇಲಿನ ದೊಡ್ಡ ಸಂಖ್ಯೆ ಹಲವು ಸಲ ಪೈಪೇ ಇಲ್ಲದೆ, ಯಾವ ಅಡ್ಡಿಯೂ ಇಲ್ಲದೆ ಫ್ಯಾನು ತಿರುಗಿದಾಗಿನದು. ಕೈಪಿಡಿಯಲ್ಲಿ ಒತ್ತಡಕ್ಕೆ ಎದುರಾಗಿ ಹರಿವಿನ ರೇಖಾಚಿತ್ರವಿದ್ದರೆ ಅದನ್ನು ನೋಡಿ. ಮನೆಯ ಚಿಮ್ನಿಗಳನ್ನು ಅಳೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 61591ರಂತೆ ಅಳೆದ ಅಂಕಿ ಕೊಟ್ಟಿದ್ದರೆ ಅದನ್ನು ಹೆಚ್ಚು ನಂಬಬಹುದು. ಎರಡೂ ಇಲ್ಲದಿದ್ದರೆ ನಿಮ್ಮ ಲೆಕ್ಕದ ಒಂದೂವರೆ ಪಟ್ಟಿನಿಂದ ಎರಡು ಪಟ್ಟು ಬರೆದದ್ದನ್ನು ಆರಿಸಿ. ಅದಕ್ಕೂ ಮೀರಿ ಏರುವುದರಲ್ಲಿ ಲಾಭವಿಲ್ಲ, ಸದ್ದು ಮಾತ್ರ ಏರುತ್ತದೆ. ದೊಡ್ಡ ಫ್ಯಾನು ನಿಧಾನವಾಗಿ ತಿರುಗುವುದು ಸಣ್ಣ ಫ್ಯಾನು ಕಿರುಚುವುದಕ್ಕಿಂತ ಎಷ್ಟೋ ಮೇಲು. ನಡುವಿನ ವೇಗದಲ್ಲಿ ನಿಮ್ಮ ದಿನನಿತ್ಯದ ಅಡುಗೆ ಸಾಗುವಂತಿರಬೇಕು, ಗರಿಷ್ಠ ವೇಗ ಕರಿಯುವ ಹೊತ್ತಿಗೆ ಮೀಸಲು. ಸದ್ದಿನ ಅಂಕಿ ಹೋಲಿಸುವಾಗ 10 ಡೆಸಿಬೆಲ್ ಹೆಚ್ಚೆಂದರೆ ಕಿವಿಗೆ ಸರಿಸುಮಾರು ಎರಡು ಪಟ್ಟು ಜೋರು ಎಂದು ತಿಳಿಯಿರಿ. ಯಾವ ವೇಗದಲ್ಲಿ ಅಳೆದದ್ದು ಎಂದೂ ಕೇಳಿ.

ಫಿಲ್ಟರ್

ಅಲ್ಯೂಮಿನಿಯಂ ಜಾಲರಿಯ ಫಿಲ್ಟರ್ ಅಗ್ಗ, ಹೊಸದರಲ್ಲಿ ಚೆನ್ನಾಗಿ ಹಿಡಿಯುತ್ತದೆ, ಆದರೆ ಕಣ್ಣುಗಳು ಬೇಗ ಮುಚ್ಚಿಕೊಳ್ಳುತ್ತವೆ. ಬ್ಯಾಫಲ್ ಫಿಲ್ಟರಿನಲ್ಲಿ ಸ್ಟೀಲಿನ ಬಾಗಿದ ಪಟ್ಟಿಗಳಿರುತ್ತವೆ. ಗಾಳಿ ಅವುಗಳ ನಡುವೆ ಗಕ್ಕನೆ ತಿರುಗಿ ಹೋಗುತ್ತದೆ, ಭಾರದ ಎಣ್ಣೆ ಹನಿಗಳು ತಿರುಗಲಾರದೆ ಪಟ್ಟಿಗೆ ಬಡಿದು ಕೆಳಗೆ ಜಾರುತ್ತವೆ. ಜಿಡ್ಡು ಹಿಡಿದರೂ ದಾರಿ ತೆರೆದೇ ಇರುವುದರಿಂದ ಎಣ್ಣೆಯ ಅಡುಗೆ ಹೆಚ್ಚಿದ್ದಲ್ಲಿ ಇದು ವಾಸಿ. ಫಿಲ್ಟರೇ ಇಲ್ಲದ "ಆಟೋ ಕ್ಲೀನ್" ಬಗೆಯಲ್ಲಿ ತಿರುಗುವ ಫ್ಯಾನೇ ಎಣ್ಣೆಯನ್ನು ಅಂಚಿಗೆ ಚಿಮ್ಮಿಸುತ್ತದೆ, ಹೀಟರ್ ಅದನ್ನು ಕರಗಿಸಿ ಬಟ್ಟಲಿಗೆ ಇಳಿಸುತ್ತದೆ. ಕೆಲಸ ಕಡಿಮೆ, ನಿಜ. ಆದರೂ ಫ್ಯಾನಿನ ಗೂಡಿನಲ್ಲಿ ಜಿಡ್ಡು ಉಳಿಯುತ್ತದೆ, ವರ್ಷಕ್ಕೊಮ್ಮೆಯಾದರೂ ಬಿಚ್ಚಿ ತೊಳೆಯಲೇಬೇಕು. "ತೊಳೆಯುವುದೇ ಬೇಡ" ಎಂಬ ಮಾತನ್ನು ನಂಬಬೇಡಿ.

ಪೈಪೇ ಇಲ್ಲದೆ ಕಾರ್ಬನ್ ಫಿಲ್ಟರಿನ ಮೂಲಕ ಗಾಳಿಯನ್ನು ಮತ್ತೆ ಕೋಣೆಗೇ ಬಿಡುವ ಚಿಮ್ನಿಗಳಿವೆ. ಅವು ವಾಸನೆಯನ್ನು ತಗ್ಗಿಸುತ್ತವೆ, ಎಣ್ಣೆಯನ್ನು ಒಂದಷ್ಟು ಹಿಡಿಯುತ್ತವೆ. ಆವಿ ಹೋಗುವುದಿಲ್ಲ, ಬಿಸಿ ಹೋಗುವುದಿಲ್ಲ, ಗ್ಯಾಸ್ ಉರಿಯಿಂದ ಹುಟ್ಟುವ ಅನಿಲಗಳೂ ಬಹುಪಾಲು ಅಲ್ಲೇ ಉಳಿಯುತ್ತವೆ. ಹೊರಗೆ ತೂತು ಕೊರೆಯಲು ಸಾಧ್ಯವೇ ಇಲ್ಲದಿದ್ದರೆ ಮಾತ್ರ ಇದು, ಅದೂ ಮೂರರಿಂದ ಆರು ತಿಂಗಳಿಗೊಮ್ಮೆ ಕಾರ್ಬನ್ ಬದಲಿಸುವ ಮನಸ್ಸಿದ್ದರೆ.

ಕೂರಿಸುವುದು

ಮೊದಲು ಒಲೆಯ ನಡುಗೆರೆಯನ್ನು ಗೋಡೆಯ ಮೇಲೆ ನೆಟ್ಟಗೆ ಎಳೆಯಿರಿ. ಒಲೆಯ ನಡು ಮುಖ್ಯ, ಕಟ್ಟೆಯದ್ದೋ ಕ್ಯಾಬಿನೆಟ್ ಸಂದಿಯದ್ದೋ ಅಲ್ಲ. ಆ ಗೆರೆಯ ಮೇಲೆ ಎತ್ತರ ಗುರುತಿಸಿ, ಸ್ಪಿರಿಟ್ ಲೆವೆಲ್ ಇಟ್ಟು ಅಡ್ಡಗೆರೆ ಹಾಕಿ, ಡಬ್ಬದಲ್ಲಿ ಬಂದ ಕಾಗದದ ಅಚ್ಚನ್ನು ಅಂಟಿಸಿ. ಕೊರೆಯುವ ಮುನ್ನ ಗೋಡೆಯೊಳಗಿನ ವೈರು, ನೀರಿನ ಮತ್ತು ಗ್ಯಾಸಿನ ಕೊಳವೆಗಳ ಜಾಡು ಪತ್ತೆಮಾಡಿ. ಸ್ವಿಚ್ ಬೋರ್ಡು ಇರುವ ಕಡೆ ನೇರ ಮೇಲೆ, ನೇರ ಪಕ್ಕಕ್ಕೆ ವೈರು ಹೋಗಿರುವ ಸಾಧ್ಯತೆ ಹೆಚ್ಚು.

ಪೈಪಿನ ತೂತು ಮೊದಲು, ಚಿಮ್ನಿ ನಂತರ. 150ರ ಪೈಪಿಗೆ ಸುಮಾರು 160 ಮಿ.ಮೀ. ಕೋರ್ ಕಟ್ಟರ್ ಬೇಕು. ಹೊರಗಿನ ಕಡೆಗೆ ಒಂದೆರಡು ಡಿಗ್ರಿ ಬಾಗಿಸಿ ಕೊರೆದರೆ ಮಳೆನೀರೂ ಒಳಗೆ ಬರುವುದಿಲ್ಲ. ಸುತ್ತಿಗೆ ಉಳಿಯಿಂದ ಒಡೆದ ತೂತು ಹೊರಗಡೆ ಪ್ಲಾಸ್ಟರನ್ನು ಚಕ್ಕೆಚಕ್ಕೆಯಾಗಿ ಕೆಡವುತ್ತದೆ, ಆಮೇಲೆ ಅಲ್ಲಿಂದಲೇ ತೇವ ಇಳಿಯುತ್ತದೆ. ಪೈಪು ಕೂರಿಸಿದ ಮೇಲೆ ಸುತ್ತಲ ಸಂದಿಯನ್ನು ಹೊರಗಿನಿಂದ ಸೀಲಂಟ್ ಹಾಕಿ ಮುಚ್ಚಿ.

ಚಿಮ್ನಿ ಸಾಮಾನ್ಯವಾಗಿ 12ರಿಂದ 25 ಕಿಲೋ ತೂಗುತ್ತದೆ, ಎತ್ತಲು ಇಬ್ಬರು ಬೇಕು. ಇಟ್ಟಿಗೆ, ಕಾಂಕ್ರೀಟಿಗೆ ಜೊತೆಗೆ ಬಂದ ಪ್ಲಗ್ಗು ಸಾಕು. ಪೊಳ್ಳು ಬ್ಲಾಕಿಗೆ ಅದಕ್ಕೆಂದೇ ಇರುವ ಆಂಕರ್ ಹಾಕಿ. ಜಿಪ್ಸಂ ಹಲಗೆಯ ಗೋಡೆಯಾದರೆ ಹಿಂದೆ ಚೌಕಟ್ಟಿಗೆ ಬಿಗಿದ ದಪ್ಪ ಪ್ಲೈವುಡ್ ಇಲ್ಲದೆ ತೂಗುಹಾಕಲೇಬೇಡಿ. ಟೈಲ್ಸಿನ ಮೇಲೆ ಕೊರೆಯುವಾಗ ಟೈಲ್ ಬಿಟ್‌ನಿಂದ, ಡ್ರಿಲ್ಲಿನ ಹ್ಯಾಮರ್ ಬಡಿತ ಬಂದ್ ಮಾಡಿಕೊಂಡು ಶುರುಮಾಡಿ. ಟೈಲ್ ದಾಟಿದ ಮೇಲೆ ಹ್ಯಾಮರ್ ಹಾಕಿಕೊಳ್ಳಿ. ಪ್ಲಗ್ ಟೈಲಿನ ಮಟ್ಟಕ್ಕಿಂತ ಒಳಗೆ ಕೂರಬೇಕು, ಇಲ್ಲವಾದರೆ ಸ್ಕ್ರೂ ಬಿಗಿಯುವಾಗ ಟೈಲ್ ಸೀಳುತ್ತದೆ. ಮೇಲಿನ ಎರಡು ಸ್ಕ್ರೂಗಳಿಗೆ ತೂಗಿಸಿ, ಲೆವೆಲ್ ನೋಡಿ, ನಂತರ ಕೆಳಗಿನ ಭದ್ರತಾ ಸ್ಕ್ರೂಗಳನ್ನು ಬಿಡದೆ ಹಾಕಿ. ಅವಿಲ್ಲದಿದ್ದರೆ ನಡುಕ ಶುರುವಾಗುತ್ತದೆ.

ತಲೆಯ ಮೇಲಿನ ಹೊರದಾರಿಯಲ್ಲಿ ಎರಡು ಅರ್ಧಚಂದ್ರದ ರೆಕ್ಕೆಗಳಿರುತ್ತವೆ. ಚಿಮ್ನಿ ಆರಿದಾಗ ಹೊರಗಿನ ಗಾಳಿ, ವಾಸನೆ, ಹುಳ ಒಳಬರದಂತೆ ಮುಚ್ಚಿಕೊಳ್ಳುವುದು ಅವುಗಳ ಕೆಲಸ. ಸಾಗಣೆಗೆಂದು ಅಂಟಿಸಿದ ಟೇಪನ್ನು ಕಿತ್ತಿರೋ ನೋಡಿ. ಬೆರಳಿನಿಂದ ತಳ್ಳಿ ಎರಡೂ ಸಲೀಸಾಗಿ ಏಳುತ್ತವೆಯೇ ಪರೀಕ್ಷಿಸಿ. ಪೈಪು ಕಚ್ಚಿಸಲು ಹಾಕಿದ ಉದ್ದ ಸ್ಕ್ರೂ ಒಳಗೆ ಚಾಚಿ ರೆಕ್ಕೆಗೆ ತಗುಲಿದರೆ ಅದು ಅರ್ಧಕ್ಕೇ ನಿಲ್ಲುತ್ತದೆ, ಸೆಳೆತ ಅರ್ಧವಾಗುತ್ತದೆ. ಹೊರಗಿನ ಮುಚ್ಚಳಕ್ಕೂ ರೆಕ್ಕೆಯಿದ್ದು ಸೆಳೆತ ಸಾಲದೆ ಬಂದರೆ ಎರಡೂ ಪೂರ್ತಿ ತೆರೆಯುತ್ತವೆಯೇ ನೋಡಿ.

ಸಾಕೆಟ್ ಅರ್ಥಿಂಗ್ ಇರುವಂಥದ್ದು, ಚಿಮ್ನಿಯ ಮೇಲಿನ ಕವರಿನ ಪಕ್ಕದಲ್ಲಿ, ಕೈಗೆಟುಕುವ ಜಾಗದಲ್ಲಿರಲಿ. ಒಲೆಯ ನೇರ ಮೇಲೆ, ಆವಿ ತಗಲುವಲ್ಲಿ ಬೇಡ. ಕವರ್ ಮುಚ್ಚುವ ಮೊದಲೇ ಓಡಿಸಿ ನೋಡಿ: ಪೈಪಿನ ಪ್ರತಿ ಜೋಡಣೆಯ ಮೇಲೆ ಕೈ ಆಡಿಸಿ, ಎಲ್ಲಿಯಾದರೂ ಗಾಳಿ ತಾಗಿದರೆ ಟೇಪು ಹಾಕಿ. ಒಂದು ತೆಳು ಕಾಗದವನ್ನು ಫಿಲ್ಟರಿಗೆ ಹಿಡಿದರೆ ಕನಿಷ್ಠ ವೇಗದಲ್ಲೂ ಅಂಟಿಕೊಳ್ಳಬೇಕು. ಅದಕ್ಕಿಂತ ಒಳ್ಳೆಯ ಪರೀಕ್ಷೆ ಮುಂದಿನ ಬರ್ನರಿನಲ್ಲಿ ನೀರು ಕುದಿಸುವುದು: ಆವಿ ಪೂರ್ತಿ ಬಾಯಿಗೆ ಹೋಗುತ್ತದೋ, ಮುಂದಿನ ಅಂಚಿನಿಂದ ನುಸುಳುತ್ತದೋ ಕಣ್ಣಿಗೇ ಕಾಣುತ್ತದೆ.

ಬಳಕೆ, ತೊಳೆತ, ತಕರಾರು

ಒಲೆ ಹಚ್ಚುವ ಒಂದೆರಡು ನಿಮಿಷ ಮೊದಲೇ ಚಿಮ್ನಿ ಹಾಕಿ, ಮುಗಿದ ಮೇಲೆ 10-15 ನಿಮಿಷ ಬಿಡಿ. ಹೆಚ್ಚು ಹೊಗೆಯ ಅಡುಗೆ ಹಿಂದಿನ ಬರ್ನರಿನಲ್ಲಿ ಮಾಡಿ. ಎಣ್ಣೆಗೆ ಬೆಂಕಿ ಹತ್ತಿದರೆ ಗ್ಯಾಸ್ ಆರಿಸಿ, ಚಿಮ್ನಿಯನ್ನೂ ಆರಿಸಿ, ಪಾತ್ರೆಗೆ ಮುಚ್ಚಳ ಹಾಕಿ, ನೀರು ಎರಚಬೇಡಿ. ಚಿಮ್ನಿ ಓಡುತ್ತಿದ್ದರೆ ಜ್ವಾಲೆಯನ್ನು ಜಿಡ್ಡಿನ ಪೈಪಿನೊಳಗೆ ಎಳೆದುಕೊಳ್ಳುತ್ತದೆ.

ಜಾಲರಿ ಫಿಲ್ಟರನ್ನು ಎರಡು-ಮೂರು ವಾರಕ್ಕೆ, ಬ್ಯಾಫಲನ್ನು ತಿಂಗಳಿಗೊಮ್ಮೆ ತೊಳೆಯಿರಿ. ಸ್ಟೀಲಿನದನ್ನು ಬಿಸಿನೀರು, ಪಾತ್ರೆ ಸೋಪು, ಒಂದಷ್ಟು ವಾಷಿಂಗ್ ಸೋಡಾದಲ್ಲಿ ಅರ್ಧ ಗಂಟೆ ನೆನೆಹಾಕಿದರೆ ಜಿಡ್ಡು ತಾನಾಗಿ ಬಿಡುತ್ತದೆ. ಅಲ್ಯೂಮಿನಿಯಂಗೆ ಸೋಡಾ ಬೇಡ, ಕಪ್ಪಾಗುತ್ತದೆ, ಮೈ ಸವೆಯುತ್ತದೆ. ಬರೀ ಸೋಪು, ಬಿಸಿನೀರು ಸಾಕು. ಪೂರ್ತಿ ಒಣಗಿದ ಮೇಲೆಯೇ ಮತ್ತೆ ಹಾಕಿ. ಎಣ್ಣೆಯ ಬಟ್ಟಲು ತುಂಬುವ ಮೊದಲೇ ಖಾಲಿಮಾಡಿ.

ಸೆಳೆತ ದಿನೇ ದಿನೇ ಕುಗ್ಗಿದರೆ ಫಿಲ್ಟರು ಅಥವಾ ಹೊರಗಿನ ಮುಚ್ಚಳ ಕಟ್ಟಿಕೊಂಡಿದೆ. ಒಂದೇ ದಿನದಲ್ಲಿ ಕುಸಿದರೆ ರೆಕ್ಕೆ ಸಿಕ್ಕಿಕೊಂಡಿದೆ, ಇಲ್ಲವೇ ಪೈಪು ಜೋಡಣೆಯಿಂದ ಕಳಚಿದೆ. ಹೊಸದರಿಂದಲೇ ಕಡಿಮೆಯಿದ್ದರೆ ಪೈಪಿನ ವ್ಯಾಸ, ಬಾಗು ನೋಡಿ. ಒಮ್ಮೆ ದೂರದ ಕಿಟಕಿ ತೆರೆದು ನೋಡಿ, ಕೂಡಲೇ ಚುರುಕಾದರೆ ಒಳಬರುವ ಗಾಳಿಯೇ ಸಾಲದು. ಗಾಳಿ ಜೋರಿರುವಾಗ ಪಟಪಟ ಸದ್ದು ರೆಕ್ಕೆಯದ್ದು. ಓಡುವಾಗಲೆಲ್ಲ ಗಡಗಡ ಎಂದರೆ ಫ್ಯಾನಿನ ಎಲೆಗಳ ಮೇಲೆ ಜಿಡ್ಡು ಒಂದೇ ಕಡೆ ಕೂತು ತೂಕ ತಪ್ಪಿದೆ. ಪ್ಲಗ್ ಕಿತ್ತು, ಫ್ಯಾನು ಬಿಚ್ಚಿ ತೊಳೆದರೆ ನಿಲ್ಲುತ್ತದೆ. ಇಂಡಕ್ಷನ್ ಒಲೆಯ ಮೇಲಿನ ಚಿಮ್ನಿಯ ತಳದಲ್ಲಿ ನೀರು ಹನಿಗಟ್ಟಿದರೆ ಅದು ಕೆಟ್ಟದ್ದಲ್ಲ: ಬೆಂಕಿಯ ಬಿಸಿಯಿಲ್ಲದೆ ಲೋಹ ತಣ್ಣಗಿರುತ್ತದೆ, ಆವಿ ಅಲ್ಲೇ ನೀರಾಗುತ್ತದೆ. ಅಡುಗೆಗೆ ಐದು ನಿಮಿಷ ಮೊದಲು ಹಾಕಿ, ಪಾತ್ರೆ ಮುಚ್ಚಿ ಬೇಯಿಸಿ, ಉಳಿದದ್ದನ್ನು ಬಟ್ಟೆಯಿಂದ ಒರೆಸಿ.